ಕಾಫಿಪುಡಿ ಅಂಗಡಿಯ ಜಾಹೀರಾತು ಖಾತೆ: ಎಂಟು ವಾರಗಳ ದುರಸ್ತಿಯ ಟಿಪ್ಪಣಿ

ಬಸವನಗುಡಿಯಲ್ಲಿ ನನ್ನ ಸೋದರಮಾವನವರಿಗೆ ಕಾಫಿಬೀಜ ಹುರಿದು, ಪುಡಿ ಮಾಡಿ ಮಾರುವ ಸಣ್ಣ ಅಂಗಡಿಯಿದೆ. ಎರಡು ವರ್ಷಗಳ ಹಿಂದೆ ಅವರು ಆನ್‌ಲೈನ್ ಮಾರಾಟಕ್ಕೆಂದು ಒಂದು ವೆಬ್‌ಸೈಟ್ ಮಾಡಿಸಿ, ಗೂಗಲ್ ಹುಡುಕಾಟದಲ್ಲಿ ಜಾಹೀರಾತು ಬರುವಂತೆ ನೋಡಿಕೊಳ್ಳುವ ಕೆಲಸವನ್ನು ಒಬ್ಬರಿಗೆ ವಹಿಸಿದ್ದರು. ತಿಂಗಳಿಗೆ ಸುಮಾರು 18,000 ರೂಪಾಯಿ ಅದಕ್ಕೆ ಹೋಗುತ್ತಿತ್ತು. ತಿಂಗಳ ಕೊನೆಗೆ ಬಂದ ವರದಿಯಲ್ಲಿ ‘212 ಕನ್ವರ್ಷನ್’ (ಜಾಹೀರಾತು ಒತ್ತಿ ಬಂದವರು ಖರೀದಿಯಂಥ, ಅಂಗಡಿಗೆ ಬೇಕಾದ ಕ್ರಿಯೆ ಮಾಡಿದ್ದು) ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಆದರೆ ಅಂಗಡಿಯ ಹಿಂಕೋಣೆಯಲ್ಲಿ ಪಾರ್ಸೆಲ್ ಕಟ್ಟುವ ಹುಡುಗನ ನೋಟ್‌ಬುಕ್ಕಿನಲ್ಲಿ ಅದೇ ತಿಂಗಳು ಕೊರಿಯರ್‌ಗೆ ಕೊಟ್ಟ ಪಾರ್ಸೆಲ್‌ಗಳ ಸಂಖ್ಯೆ 61. “ಉಳಿದ ನೂರೈವತ್ತೊಂದು ಪಾರ್ಸೆಲ್ ಕಾಫಿ ಯಾರು ಕುಡಿದರು ಕಣೋ?” ಎಂದು ಮಾವ ಕೇಳಿದರು. ಈ ದುರಸ್ತಿ ಶುರುವಾದದ್ದು ಆ ಪ್ರಶ್ನೆಯಿಂದ.

ನಾನು ಜಾಹೀರಾತಿನ ವೃತ್ತಿಯವನಲ್ಲ. ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಹಾಗಾಗಿ ಶನಿವಾರ, ಭಾನುವಾರಗಳಲ್ಲಿ ಮಾತ್ರ ಇದಕ್ಕೆ ಕೈಹಾಕಿದೆ. ಎಲ್ಲರೂ ಜಾಹೀರಾತಿನ ಕಡೆಯಿಂದ, ಅಂದರೆ ಕೀವರ್ಡ್ (ಯಾವ ಪದ ಹುಡುಕಿದರೆ ಜಾಹೀರಾತು ಕಾಣಬೇಕು) ಮತ್ತು ಬಿಡ್ಡಿಂಗ್ (ಒಂದು ಕ್ಲಿಕ್ಕಿಗೆ ಎಷ್ಟು ಕೊಡಲು ಸಿದ್ಧ) ಕಡೆಯಿಂದ ಶುರುಮಾಡಲು ಹೇಳುತ್ತಾರೆ. ನಾನು ಮಾತ್ರ ಗಲ್ಲಾಪೆಟ್ಟಿಗೆಯಿಂದ ಹಿಂದಕ್ಕೆ ನಡೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ: ಮೊದಲು ದುಡ್ಡಿನ ಎಣಿಕೆ, ಆಮೇಲೆ ಆರ್ಡರ್ ಫಾರಂ, ಆಮೇಲೆ ಪುಟ, ಕೊನೆಗೆ ಜಾಹೀರಾತು. ಕೆಲಸ ಪೂರ್ತಿ ಇದೇ ಕ್ರಮದಲ್ಲಿ ಸಾಗಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ವಾರ: ಎಣಿಕೆ

ಜಾಹೀರಾತು ಖಾತೆಯಲ್ಲಿ ಕನ್ವರ್ಷನ್ ಎಂದು ಎಣಿಸುವ ಕ್ರಿಯೆಗಳ ಪಟ್ಟಿಯನ್ನು ತೆರೆದಾಗ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ‘ಖರೀದಿ’ ಮತ್ತು ‘ಕಾರ್ಟ್‌ಗೆ ಸೇರಿಸಿದ್ದು’ ಎರಡನ್ನೂ ಮುಖ್ಯ ಕನ್ವರ್ಷನ್ ಎಂದೇ ಗುರುತಿಸಲಾಗಿತ್ತು. ಇದರಿಂದ ವರದಿ ಉಬ್ಬುವುದಷ್ಟೇ ಅಲ್ಲ, ಸ್ವಯಂಚಾಲಿತ ಬಿಡ್ಡಿಂಗ್ ಕೂಡ ದಾರಿ ತಪ್ಪುತ್ತದೆ. ಕಾರ್ಟ್‌ಗೆ ಹಾಕಿ ಎದ್ದುಹೋಗುವವರನ್ನೇ ಅದು ಗಿರಾಕಿಗಳೆಂದು ತಿಳಿದು, ಅಂಥವರನ್ನೇ ಹುಡುಕಿ ಹುಡುಕಿ ತರುತ್ತದೆ. ಕಾರ್ಟ್ ಕ್ರಿಯೆಯನ್ನು ಬರೀ ಅವಗಾಹನೆಗಾಗಿ ಇಟ್ಟುಕೊಳ್ಳುವ ಎರಡನೆಯ ದರ್ಜೆಗೆ ಇಳಿಸಿದೆ.

ಇನ್ನರ್ಧ ಸ್ವಲ್ಪ ಸ್ವಾರಸ್ಯವಾಗಿತ್ತು. ಖರೀದಿಯನ್ನು ಎಣಿಸುವ ಟ್ಯಾಗ್, ಅಂದರೆ ಪುಟ ತೆರೆದಾಗ ಗೂಗಲ್‌ಗೆ ಸುದ್ದಿ ಮುಟ್ಟಿಸುವ ಕೋಡ್ ತುಣುಕು, ಇದ್ದದ್ದು ‘ಧನ್ಯವಾದ’ ಪುಟದಲ್ಲಿ. ಗಿರಾಕಿಗೆ ವಾಟ್ಸಾಪ್‌ನಲ್ಲಿ ಹೋಗುವ “ನಿಮ್ಮ ಆರ್ಡರ್ ಎಲ್ಲಿದೆ ನೋಡಿ” ಎಂಬ ಕೊಂಡಿಯೂ ಅದೇ ಪುಟವನ್ನು ತೆರೆಯುತ್ತಿತ್ತು. ಪಾರ್ಸೆಲ್ ಎಲ್ಲಿಗೆ ಬಂತೆಂದು ಒಬ್ಬರು ನಾಲ್ಕು ಸಲ ನೋಡಿದರೆ ನಾಲ್ಕು ಖರೀದಿ ದಾಖಲಾಗುತ್ತಿದ್ದವು. ಟ್ಯಾಗ್ ಜೊತೆಗೆ ಆರ್ಡರ್ ಸಂಖ್ಯೆಯನ್ನೂ ಕಳುಹಿಸಿದರೆ ಗೂಗಲ್ ಅದೇ ಸಂಖ್ಯೆಯನ್ನು ಎರಡನೆಯ ಸಲ ಎಣಿಸುವುದಿಲ್ಲ. ಸೈಟ್ ಮಾಡಿದವರು ಆ ಜಾಗವನ್ನು ಖಾಲಿ ಬಿಟ್ಟಿದ್ದರು, ಮೊತ್ತದ ಜಾಗದಲ್ಲಿ ಎಲ್ಲ ಆರ್ಡರ್‌ಗಳಿಗೂ ‘1 ರೂಪಾಯಿ’ ಎಂದು ಬರೆದಿದ್ದರು. ಎರಡನ್ನೂ ಸರಿಪಡಿಸಿದೆ. ಅದೇ ಪುಟದಲ್ಲಿ, ಸೈಟಿಗೆ ಬಂದವರ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿಯ ಕೋಡ್ ಕೂಡ ಇತ್ತು. 2023ರ ಜುಲೈ 1ರಿಂದಲೇ ಆ ಆವೃತ್ತಿ ಹೊಸ ಮಾಹಿತಿ ಸ್ವೀಕರಿಸುವುದನ್ನು ನಿಲ್ಲಿಸಿದ್ದರಿಂದ, ಅದನ್ನು ಕಿತ್ತು ಹಾಕಲು ಯೋಚಿಸಬೇಕಾಗಲಿಲ್ಲ.

61 ಪಾರ್ಸೆಲ್‌ಗಳಲ್ಲಿ ಜಾಹೀರಾತಿನಿಂದ ಬಂದವು ಎಷ್ಟು? ಫೋನ್ ನಂಬರುಗಳನ್ನು ಹಿಂದಿನ ತಿಂಗಳುಗಳ ಪಟ್ಟಿಯೊಡನೆ ತಾಳೆ ನೋಡಿದಾಗ 23 ಜನ ಹಳೆಯ ಗಿರಾಕಿಗಳೆಂದು ತಿಳಿಯಿತು. ಉಳಿದ 38 ಆರ್ಡರ್‌ಗಳನ್ನೂ ಧಾರಾಳವಾಗಿ ಜಾಹೀರಾತಿನ ಲೆಕ್ಕಕ್ಕೇ ಬಿಟ್ಟುಕೊಟ್ಟರೂ, ಸುಮಾರು 2,900 ಕ್ಲಿಕ್ಕಿಗೆ 38 ಆರ್ಡರ್. ಆರ್ಡರ್ ಒಂದಕ್ಕೆ 474 ರೂಪಾಯಿ ಖರ್ಚು. ಒಂದು ಆರ್ಡರ್‌ನ ಸರಾಸರಿ ಬೆಲೆ ಅದಕ್ಕಿಂತ ಕಡಿಮೆಯಿತ್ತು.

ಎರಡನೆಯ ವಾರ: ಕಾಣೆಯಾದ ಗುರುತು

ಎಣಿಕೆ ಹೆಚ್ಚಾಗುತ್ತಿದ್ದಂತೆಯೇ ಇನ್ನೊಂದು ಕಡೆ ಕಡಿಮೆಯೂ ಆಗುತ್ತಿತ್ತು. ಜಾಹೀರಾತನ್ನು ಒತ್ತಿದಾಗ ಗೂಗಲ್ ಆ ಕ್ಲಿಕ್ಕಿಗೆ ಒಂದು ಗುರುತನ್ನು, ಅಂದರೆ ಜಿಸಿಎಲ್‌ಐಡಿಯನ್ನು, ಪುಟದ ವಿಳಾಸದ ಬಾಲಕ್ಕೆ ಅಂಟಿಸಿ ಕಳುಹಿಸುತ್ತದೆ. ಆ ಬಾಲ ಉಳಿದರೆ ಯಾವ ಕ್ಲಿಕ್ ಯಾವ ಆರ್ಡರ್ ಆಯಿತೆಂದು ಖಚಿತವಾಗಿ ತಿಳಿಯುತ್ತದೆ. ಪರೀಕ್ಷೆ ಸುಲಭ: ಸೈಟಿನ ವಿಳಾಸದ ಕೊನೆಗೆ ನಾವೇ ಒಂದು ಸುಳ್ಳು ಜಿಸಿಎಲ್‌ಐಡಿಯನ್ನು ಬರೆದು ಪುಟ ತೆರೆಯುವುದು, ಪುಟ ಬಂದ ಮೇಲೂ ಅದು ವಿಳಾಸಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು. ನಮ್ಮಲ್ಲಿ ಇರಲಿಲ್ಲ. ಜಾಹೀರಾತಿನಲ್ಲಿ ಕೊಟ್ಟಿದ್ದ ವಿಳಾಸದಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರಲಿಲ್ಲ. ಅದಿರುವ ವಿಳಾಸಕ್ಕೆ ದಾಟಿಸುವ ಸರ್ವರ್ ನಿಯಮವು ದಾಟಿಸುವಾಗ ಬಾಲವನ್ನು ಕತ್ತರಿಸುತ್ತಿತ್ತು. ನಿಯಮದಲ್ಲಿ ಒಂದು ಸಾಲು ತಿದ್ದಿದ ಮೇಲೆ ಬಾಲ ಉಳಿಯಿತು.

ಯುಪಿಐ ತಂದಿಟ್ಟ ತೊಡಕು ಬೇರೆ. ಗಿರಾಕಿ ಬ್ರೌಸರ್‌ನಿಂದ ಪಾವತಿ ಆ್ಯಪ್‌ಗೆ ಹೋಗುತ್ತಾರೆ, ಪಿನ್ ಒತ್ತುತ್ತಾರೆ, ದುಡ್ಡು ಹೋಯಿತೆಂಬ ಸದ್ದು ಕೇಳಿದೊಡನೆ ಫೋನನ್ನು ಜೇಬಿಗಿಳಿಸುತ್ತಾರೆ. ಬ್ರೌಸರ್‌ಗೆ ಮರಳಿ ಬರುವುದೇ ಇಲ್ಲ. ಆದ್ದರಿಂದ ಧನ್ಯವಾದ ಪುಟ ತೆರೆಯುವುದಿಲ್ಲ, ಖರೀದಿ ಎಣಿಕೆಗೆ ಸಿಗುವುದಿಲ್ಲ. ಇದಕ್ಕೆ ಪುಟದ ಮೇಲಿನ ಟ್ಯಾಗನ್ನೇ ನಂಬಿ ಕೂರುವಂತಿಲ್ಲ. ಪುಟ ತೆರೆದ ಕ್ಷಣದಲ್ಲೇ ಜಿಸಿಎಲ್‌ಐಡಿಯನ್ನು ಹಿಡಿದಿಟ್ಟು ಆರ್ಡರ್‌ನ ಜೊತೆ ಉಳಿಸಿ, ದುಡ್ಡು ಬಂದಿದೆಯೆಂದು ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿಯನ್ನು ನಡೆಸಿಕೊಡುವ ಸೇವೆ) ನಮ್ಮ ಸರ್ವರ್‌ಗೆ ತಿಳಿಸಿದಾಗ ಮಾತ್ರ ಆ ಆರ್ಡರನ್ನು ಖರೀದಿಯೆಂದು ಗುರುತು ಮಾಡುವಂತೆ ಬರೆದೆ. ದಿನಕ್ಕೊಮ್ಮೆ ಆ ಪಟ್ಟಿ ಜಾಹೀರಾತು ಖಾತೆಗೆ ಏರುತ್ತದೆ. ಕ್ಲಿಕ್ ಆಗಿ 90 ದಿನ ಕಳೆದರೆ ಗೂಗಲ್ ಅದನ್ನು ಒಪ್ಪುವುದಿಲ್ಲ, ಆದರೆ ಕಾಫಿಪುಡಿಗಾಗಿ ಮೂರು ತಿಂಗಳು ಯೋಚಿಸುವವರು ನನಗಂತೂ ಯಾರೂ ಕಂಡಿಲ್ಲ.

ಮೂರನೆಯ ವಾರ: ಆರು ಅಂಕಿಯ ಪಿನ್ ಕೋಡ್

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಈ ವಾರ. ಮಾವನ ಹಳೆಯ, ಅಗ್ಗದ ಆಂಡ್ರಾಯ್ಡ್ ಫೋನನ್ನು ತೆಗೆದುಕೊಂಡು, ವೈಫೈ ಆರಿಸಿ, ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕುಳಿತು, ಜಾಹೀರಾತು ಒತ್ತಿ ಬಂದ ಗಿರಾಕಿಯಂತೆ ಒಂದು ಆರ್ಡರ್ ಮಾಡಲು ಹೊರಟೆ. ಪುಟ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತಿದ್ದವರು ಅರ್ಧ ಲೋಟ ಕಾಫಿ ಮುಗಿಸಿದ್ದರು. ಅದರ ವಿಷಯ ಆಮೇಲೆ ಬರೆಯುತ್ತೇನೆ. ನಾನು ಸಿಕ್ಕಿಬಿದ್ದದ್ದು ವಿಳಾಸದ ಫಾರಂನಲ್ಲಿ.

ಪಿನ್ ಕೋಡ್ ಜಾಗದಲ್ಲಿ, ಕಾಗದದ ಮೇಲೆ ಬರೆಯುವ ಅಭ್ಯಾಸದಂತೆ, ಮೂರು ಅಂಕಿಯ ನಂತರ ಜಾಗ ಬಿಟ್ಟು ‘560 004’ ಎಂದು ಬರೆದೆ. ಕೆಂಪಕ್ಷರದಲ್ಲಿ ‘ಅಮಾನ್ಯ ಪಿನ್ ಕೋಡ್’ ಎಂದು ಬಂತು. ಬಸವನಗುಡಿಯ ಅಂಗಡಿಯ ಸೈಟೇ ಬಸವನಗುಡಿಯ ಪಿನ್ ಕೋಡನ್ನು ಒಪ್ಪಲಿಲ್ಲ. ಜಾಗವನ್ನು ಅಳಿಸಿದರೆ ಸರಿಹೋಗುತ್ತದೆಂದು ನನಗೆ ಹೊಳೆಯಿತು, ಏಕೆಂದರೆ ಅದು ನನ್ನ ಕಸುಬು. ಅರವತ್ತು ದಾಟಿದ ಗಿರಾಕಿಯೊಬ್ಬರಿಗೆ ಹೊಳೆಯಬೇಕೆಂದೇನೂ ಇಲ್ಲ, ಅವರು ಈ ಊರಿಗೆ ಕಳುಹಿಸುವುದಿಲ್ಲವೆಂದುಕೊಂಡು ಫೋನ್ ಇಡುತ್ತಾರೆ.

ಅದಕ್ಕಿಂತ ಕೆಟ್ಟದ್ದು ಮೊಬೈಲ್ ನಂಬರಿನ ಜಾಗ. ಅದು ಹತ್ತು ಅಕ್ಷರಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಫೋನ್ ತಾನಾಗಿಯೇ ನಂಬರ್ ತುಂಬುವಾಗ ಮುಂದೆ ‘+91’ ಸೇರಿಸುತ್ತದೆ. ಆಗ ಮೊದಲ ಮೂರು ಅಕ್ಷರ ಅದಕ್ಕೇ ಹೋಗಿ, ನಿಜವಾದ ನಂಬರಿನ ಕೊನೆಯ ಮೂರು ಅಂಕಿಗಳು ಸದ್ದಿಲ್ಲದೆ ಕತ್ತರಿಸಿ ಹೋಗುತ್ತಿದ್ದವು. ಫಾರಂ ದೂರುತ್ತಿರಲಿಲ್ಲ, ಹತ್ತು ಅಕ್ಷರ ಇದ್ದವಲ್ಲ! ಹಿಂದಿರುಗಿ ಬಂದಿದ್ದ ಪಾರ್ಸೆಲ್‌ಗಳ ಪಟ್ಟಿಯನ್ನು ಆ ಸಂಜೆಯೇ ತೆಗೆಸಿ ನೋಡಿದೆ: 14ರಲ್ಲಿ 6 ಪಾರ್ಸೆಲ್‌ಗಳ ನಂಬರು ‘+91’ರಿಂದ ಆರಂಭವಾಗಿ ಏಳು ಅಂಕಿಗೆ ನಿಂತಿತ್ತು. “ಗಿರಾಕಿ ಫೋನ್ ಎತ್ತಲಿಲ್ಲ” ಎಂದು ಕೊರಿಯರ್‌ನವರು ಬರೆದಿದ್ದ ಷರಾ ಸುಳ್ಳೆಂದು ಮಾವ ವರ್ಷದಿಂದ ಜಗಳವಾಡುತ್ತಿದ್ದರು. ಈ ಆರರ ಮಟ್ಟಿಗೆ ತಪ್ಪು ನಮ್ಮದೇ ಆಗಿತ್ತು.

ಎರಡೂ ಜಾಗಗಳಲ್ಲಿ ಅಂಕಿಯಲ್ಲದ್ದನ್ನೆಲ್ಲ ಮೊದಲು ತೆಗೆದುಹಾಕಿ, ನಂಬರಿನ ಕೊನೆಯ ಹತ್ತು ಅಂಕಿಯನ್ನಷ್ಟೇ ಉಳಿಸಿಕೊಂಡು, ಆಮೇಲೆ ಪರೀಕ್ಷಿಸುವಂತೆ ಮಾಡಿದೆ. ಒತ್ತಿದಾಗ ಅಂಕಿಗಳ ಕೀಲಿಮಣೆಯೇ ತೆರೆಯುವಂತೆಯೂ ಮಾಡಿದೆ. ಖಾತೆ ತೆರೆದೇ ಆರ್ಡರ್ ಮಾಡಬೇಕೆಂಬ ಕಡ್ಡಾಯವನ್ನು ತೆಗೆದೆ. ಕೊರಿಯರ್ ಶುಲ್ಕ ಕೊನೆಯ ಪುಟದಲ್ಲಿ ಧುತ್ತೆಂದು ಎದುರಾಗುತ್ತಿದ್ದುದನ್ನು ಬಿಡಿಸಿ, ಪಿನ್ ಕೋಡ್ ಜಾಗವನ್ನು ಪುಡಿಯ ಪುಟಕ್ಕೇ ತಂದೆ. ಎಷ್ಟು ದಿನಕ್ಕೆ ಬರುತ್ತದೆ, ಒಟ್ಟು ಎಷ್ಟಾಗುತ್ತದೆ ಎಂಬುದು ಈಗ ಬೆಲೆಯ ಕೆಳಗೇ ಕಾಣುತ್ತದೆ.

ನಾಲ್ಕನೆಯ ವಾರ: ಪುಟ

ಜಾಹೀರಾತುಗಳೆಲ್ಲ ಮುಖಪುಟಕ್ಕೇ ಹೋಗುತ್ತಿದ್ದವು. ಅಲ್ಲಿ ಕಾಫಿತೋಟದ ಮಂಜಿನ ಒಂದು ಭವ್ಯ ಚಿತ್ರ, 4 ಎಂಬಿ ತೂಕದ್ದು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಸಾಧನದಲ್ಲಿ ಪರೀಕ್ಷಿಸಿದಾಗ ಪುಟದ ಮುಖ್ಯ ಭಾಗ ಕಾಣಿಸಿಕೊಳ್ಳಲು ಮೊಬೈಲ್‌ನಲ್ಲಿ 6.8 ಸೆಕೆಂಡ್ ಬೇಕಿತ್ತು. ಗೂಗಲ್ ಒಳ್ಳೆಯದೆಂದು ಒಪ್ಪುವುದು 2.5 ಸೆಕೆಂಡಿನೊಳಗೆ. ಚಿತ್ರವನ್ನು ಕಡಿಮೆ ತೂಕದ ವೆಬ್‌ಪಿ ರೂಪಕ್ಕೆ ತಂದು ಕುಗ್ಗಿಸಿದ್ದರಿಂದ ಬಹುಪಾಲು ಕೆಲಸ ಮುಗಿಯಿತು. ಜಾಹೀರಾತುಗಳನ್ನು ಮುಖಪುಟದಿಂದ ಬಿಡಿಸಿ ಆಯಾ ಪುಡಿಯ ಪುಟಕ್ಕೆ ತಿರುಗಿಸಿದೆ. ಹನ್ನೊಂದು ಬಗೆಯ ಮಿಶ್ರಣಗಳಿದ್ದ ಪಟ್ಟಿಯನ್ನು ಮೂರಕ್ಕೆ ಇಳಿಸಲು ಮಾವನನ್ನು ಒಪ್ಪಿಸುವುದು ಮಾತ್ರ ಸುಲಭವಾಗಲಿಲ್ಲ. ಕೊನೆಗೆ ಚಿಕೋರಿ ಇಲ್ಲದ ಪೀಬೆರಿ (ದುಂಡನೆಯ ಒಂಟಿ ಬೀಜದ ಕಾಫಿ), ಮತ್ತು ಕಾಫಿ, ಚಿಕೋರಿ 80:20 ಹಾಗೂ 70:30ರಂತೆ ಬೆರೆತ ಎರಡು ಪುಡಿಗಳು ಉಳಿದವು. ಚಿಕೋರಿ ಬೆರೆತ ಪುಡಿಯ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ಬರೆಯುವುದು ಕಾನೂನಿನ ಪ್ರಕಾರ ಕಡ್ಡಾಯ. ಪೊಟ್ಟಣದ ಮೇಲೆ ಇದ್ದ ಆ ಸಾಲನ್ನೇ ಪುಟದ ನೆತ್ತಿಗೂ ಏರಿಸಿದೆ, ಅದರ ಪಕ್ಕದಲ್ಲಿ ಬೀಜ ಹುರಿದ ದಿನಾಂಕವನ್ನೂ.

ಐದನೆಯ ವಾರ: ಜನ ನಿಜವಾಗಿ ಏನು ಹುಡುಕುತ್ತಿದ್ದರು

ಈಗ ಜಾಹೀರಾತಿನ ಸರದಿ. ನಾವು ಕೊಟ್ಟಿದ್ದ ಕೀವರ್ಡ್ ‘ಕಾಫಿ ಪೌಡರ್’, ಅದೂ ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಗೂಗಲ್‌ಗೆ ಸಂಬಂಧವಿದೆಯೆನಿಸಿದ ಯಾವ ಹುಡುಕಾಟಕ್ಕೂ ಜಾಹೀರಾತು ತೋರಿಸಬಹುದೆಂಬ ಒಪ್ಪಿಗೆಯಲ್ಲಿ. ಜನರು ನಿಜವಾಗಿ ಬರೆದ ಪದಗಳ ವರದಿಯನ್ನು ಓದುತ್ತ ಹೋದಂತೆ ಮಾವನ ಮುಖ ಬಣ್ಣಗೆಡುತ್ತ ಬಂತು. ಮುಖಕ್ಕೆ ಕಾಫಿಪುಡಿ ಹಚ್ಚಿದರೆ ಏನಾಗುತ್ತದೆ, ತಲೆಗೂದಲಿಗೆ ಕಾಫಿಪುಡಿ, ಕಾಫಿ ಫಿಲ್ಟರ್ ಕಾಗದ, ಕಾಫಿ ಯಂತ್ರದ ಬೆಲೆ, ಕಾಫಿಪುಡಿ ಡೀಲರ್‌ಶಿಪ್, ಜಯನಗರದಲ್ಲಿ ಹತ್ತಿರದ ಕಾಫಿ ಶಾಪ್, ಇನ್‌ಸ್ಟಂಟ್ ಕಾಫಿ. ಈ ಒಂದೊಂದನ್ನೂ ಹುಡುಕಿದವರು ನಮ್ಮ ಜಾಹೀರಾತನ್ನು ಒತ್ತಿ, ಒಂದೊಂದು ಸಲವೂ ಆರೇಳು ರೂಪಾಯಿ ಖರ್ಚು ಮಾಡಿಸಿದ್ದರು. “ನಲವತ್ತು ರೂಪಾಯಿ ಕೊಟ್ಟು ಆರು ಜನರ ಮುಖ ತೊಳೆಸಿದ್ದೇವೆ” ಎಂದರು ಮಾವ.

ನೆಗೆಟಿವ್ ಕೀವರ್ಡ್‌ಗಳ, ಅಂದರೆ ಹುಡುಕಾಟದಲ್ಲಿ ಬಂದರೆ ಜಾಹೀರಾತು ತೋರಿಸಬಾರದ ಪದಗಳ, ಪಟ್ಟಿ ಮಾಡುವಾಗ ತಿಳಿದಿರಬೇಕಾದದ್ದು ಒಂದಿದೆ: ಇವು ಸಮಾನಾರ್ಥಕಗಳನ್ನು ತಡೆಯುವುದಿಲ್ಲ. 2024ರಿಂದ ಕಾಗುಣಿತ ತಪ್ಪಿದ ರೂಪಗಳನ್ನು ತಡೆಯುತ್ತವೆ, ಅಷ್ಟೇ. ಇಂಗ್ಲಿಷಿನ ‘ಫೇಸ್’ ಹಾಕಿದ ಮಾತ್ರಕ್ಕೆ ‘ಸ್ಕಿನ್’ ನಿಲ್ಲುವುದಿಲ್ಲ, ಕನ್ನಡದ ‘ಮುಖಕ್ಕೆ’ ನಿಲ್ಲುವುದಿಲ್ಲ, ಇಂಗ್ಲಿಷ್ ಲಿಪಿಯಲ್ಲಿ ಬರೆದ ‘ಮುಖಕ್ಕೆ’ಯೂ ನಿಲ್ಲುವುದಿಲ್ಲ. ಹೀಗೆ ಒಂದೊಂದು ಅರ್ಥಕ್ಕೆ ನಾಲ್ಕೈದು ರೂಪಗಳಂತೆ 140 ಪದಗಳ ಪಟ್ಟಿಯಾಯಿತು. ಅಷ್ಟಾದರೂ ವರದಿಯಲ್ಲಿ ಕಾಣುವ ಕ್ಲಿಕ್ಕುಗಳನ್ನು ಕೂಡಿದರೆ ಖಾತೆಯ ಒಟ್ಟು ಕ್ಲಿಕ್ಕಿಗೆ ತಾಳೆಯಾಗುವುದಿಲ್ಲ, ಏಕೆಂದರೆ ವಿರಳವಾಗಿ ಹುಡುಕುವ ಪದಗಳನ್ನು ಗೂಗಲ್ 2020ರಿಂದ ತೋರಿಸುವುದಿಲ್ಲ. ಆ ಕತ್ತಲೆಯ ಭಾಗವನ್ನು ಕಿರಿದುಮಾಡಲು ಬ್ರಾಡ್ ಮ್ಯಾಚ್ ಬಿಟ್ಟು, ನಮ್ಮ ಕೀವರ್ಡ್‌ನ ಅರ್ಥ ಒಳಗೊಂಡ ಹುಡುಕಾಟಕ್ಕೆ ಮಾತ್ರ ತೋರಿಸುವ ಫ್ರೇಸ್ ಮ್ಯಾಚ್ ಮತ್ತು ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ ತೋರಿಸುವ ಎಕ್ಸಾಕ್ಟ್ ಮ್ಯಾಚ್‌ಗೆ ಬಂದೆ. ‘ಫಿಲ್ಟರ್ ಕಾಫಿ ಪುಡಿ’, ‘ಪೀಬೆರಿ ಕಾಫಿ ಪುಡಿ’, ‘ಚಿಕೋರಿ ಇಲ್ಲದ ಕಾಫಿ ಪುಡಿ’, ‘80 20 ಕಾಫಿ’ ಮೊದಲಾದವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿದೆ. ‘80 20’ ಎಂದು ಬರೆದು ಹುಡುಕುವವರಿಗೆ ಮನೆಯಲ್ಲಿ ಫಿಲ್ಟರ್ ಇದೆ, ಪುಡಿ ಮುಗಿದಿದೆ. ಖಾತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೀವರ್ಡ್ ಅದೇ. ಒಂದು ಶೀರ್ಷಿಕೆಗೆ 30 ಅಕ್ಷರಗಳ ಮಿತಿಯಿದ್ದರೂ ಬೆಲೆಯನ್ನು ಅದರಲ್ಲೇ ಬರೆದೆ. ಬೆಲೆ ನೋಡಿ ಬಾರದಿರುವವರು ಬಾರದಿರುವುದೇ ಲಾಭ.

ಊರಿನ ಆಯ್ಕೆಯಲ್ಲಿ ನನ್ನ ಊಹೆ ತಲೆಕೆಳಗಾಯಿತು. ಗೂಗಲ್‌ನ ಮೂಲ ಆಯ್ಕೆಯಲ್ಲಿ, ಒಂದು ಊರಿನಲ್ಲಿರುವವರಿಗಷ್ಟೇ ಅಲ್ಲದೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಕಾಣುತ್ತದೆ. ವಿದೇಶದ ಕ್ಲಿಕ್ಕುಗಳು ಬರುತ್ತಿದ್ದದ್ದು ಹಾಗೆ. ಅದನ್ನು ‘ಅಲ್ಲಿ ಇರುವವರು ಮಾತ್ರ’ ಎಂದು ಬದಲಿಸಿ, ಬೆಂಗಳೂರಿಗೆ ಹೆಚ್ಚು ಹಣ ಇಡಬೇಕೆಂದಿದ್ದೆ. ಆದರೆ ಜಿಸಿಎಲ್‌ಐಡಿ ಸರಿಯಾದ ಮೇಲಿನ ಮೂರು ವಾರಗಳ ಆರ್ಡರ್‌ಗಳನ್ನು ಊರುವಾರು ಹರಡಿ ನೋಡಿದರೆ, ಮಲ್ಲೇಶ್ವರ, ಬಸವನಗುಡಿ, ಜಯನಗರಗಳಿಂದ ಕ್ಲಿಕ್ ಬಹಳ, ಆರ್ಡರ್ ಬಹುತೇಕ ಸೊನ್ನೆ. ಯೋಚಿಸಿದರೆ ಸಹಜವೇ: ಕೂಗಳತೆಯಲ್ಲಿ ಬಿಸಿಬಿಸಿ ಪುಡಿ ಮಾಡಿಕೊಡುವ ಅಂಗಡಿಯಿರುವವರು ಕೊರಿಯರ್‌ಗೆ ಏಕೆ ಕಾಯಬೇಕು? ಕೊಳ್ಳುತ್ತಿದ್ದವರು ಪುಣೆ, ಹೈದರಾಬಾದ್, ಮುಂಬೈ, ನೊಯ್ಡಾಗಳಲ್ಲಿ ನೆಲೆಸಿದವರು, ಮತ್ತು ನಗರದೊಳಗೆ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆಯವರು. ಹಣವನ್ನು ಅಲ್ಲಿಗೆ ತಿರುಗಿಸಿದೆ.

ಆರನೆಯ ವಾರ: ಡಬ್ಬ

ಇದು ಜಾಹೀರಾತಿಗೆ ಸಂಬಂಧಿಸಿದ್ದಲ್ಲವೆಂದು ತೋರಬಹುದು. ಆದರೆ ಒಂದು ಕ್ಲಿಕ್ಕಿಗೆ ಎಷ್ಟು ಕೊಡಬಹುದೆಂಬುದು ಒಂದು ಆರ್ಡರ್‌ನಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ನಿಂತಿದೆ, ನಮ್ಮಲ್ಲಿ ಉಳಿಯುವುದನ್ನು ಡಬ್ಬ ತಿನ್ನುತ್ತಿತ್ತು.

ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗ್ರಾಂನಲ್ಲಿ ಬರುತ್ತದೆ. ಹುಡುಗ ಬಳಸುತ್ತಿದ್ದ ಡಬ್ಬ 30, 20, 15ರ ಅಳತೆಯದು; 9,000ವನ್ನು ಭಾಗಿಸಿದರೆ 1.8 ಕಿಲೋ. ಒಳಗಿದ್ದದ್ದು ಅರ್ಧ ಕಿಲೋ ಪುಡಿ, ಉಳಿದ ಜಾಗಕ್ಕೆ ಹಳೆಯ ಪತ್ರಿಕೆ. ದರದ ಹಂತ ಅರ್ಧ ಕಿಲೋಗೊಂದರಂತೆ ಏರುವುದರಿಂದ ಅದಕ್ಕೆ ಎರಡು ಕಿಲೋ ದರ ಬೀಳುತ್ತಿತ್ತು. ಚಿಕ್ಕ ಡಬ್ಬ ತಂದರೂ ಅರ್ಧ ಕಿಲೋ ಪೊಟ್ಟಣ ಉಪಯೋಗಕ್ಕೆ ಬಾರದು: 500 ಗ್ರಾಂ ಪುಡಿಯ ಜೊತೆ ಪೊಟ್ಟಣ, ಡಬ್ಬ ಸೇರಿದರೆ 500 ದಾಟಿ ಒಂದು ಕಿಲೋ ಹಂತಕ್ಕೆ ಹೋಗುತ್ತದೆ. ಎರಡು ಅರ್ಧ ಕಿಲೋ ಹಾಕಿದರೆ ಒಂದೂವರೆಯ ಹಂತ. ಆದ್ದರಿಂದ 250 ಗ್ರಾಂನ ಮೂರು ಪೊಟ್ಟಣಗಳನ್ನು ಒಟ್ಟಿಗೆ, 585 ರೂಪಾಯಿಗೆ, ಮಾರುವುದೆಂದು ತೀರ್ಮಾನಿಸಿದೆವು. ಡಬ್ಬದೊಡನೆ ಒಂದು ಕಿಲೋ ಒಳಗೇ ಉಳಿಯುತ್ತದೆ. ಪುಡಿ, ಪೊಟ್ಟಣ, ಡಬ್ಬಕ್ಕೆ 375, ಪಾವತಿ ಶುಲ್ಕ 12, ಕೊರಿಯರ್ 85 ಕಳೆದರೆ ಕೈಯಲ್ಲಿ ಉಳಿಯುವುದು 113. ಒಮ್ಮೆ ತೆರೆದ ಪುಡಿಯ ಘಮ ಬೇಗ ಹೋಗುವುದರಿಂದ ಮೂರು ಸಣ್ಣ ಪೊಟ್ಟಣವೇ ಗಿರಾಕಿಗೂ ಮೇಲು ಎಂದು ಮಾವ ಈಗ ಎಲ್ಲರಿಗೂ ಹೇಳುತ್ತಾರೆ, ಈ ಯೋಜನೆ ಮೊದಲಿನಿಂದಲೂ ತಮ್ಮದೇ ಎಂಬಂತೆ.

ಏಳು ಮತ್ತು ಎಂಟನೆಯ ವಾರ: ಬಿಡ್ಡಿಂಗ್, ಲೆಕ್ಕ

ಸ್ವಯಂಚಾಲಿತ ಬಿಡ್ಡಿಂಗ್ ಹಳೆಯ ತಪ್ಪು ಎಣಿಕೆಯಿಂದ ಕಲಿತಿದ್ದರಿಂದ, ಎಣಿಕೆ ಸರಿಪಡಿಸಿದ ದಿನವೇ ಅದನ್ನು ನಿಲ್ಲಿಸಿ, ಒಂದು ಕ್ಲಿಕ್ಕಿಗೆ 8 ರೂಪಾಯಿ ಮೀರದಂತೆ ಮಿತಿ ಹಾಕಿದ್ದೆ. ಶುದ್ಧವಾದ ಖರೀದಿಗಳು ಸಾಕಷ್ಟು ಸೇರುವವರೆಗೆ ಹಾಗೇ ಬಿಡುತ್ತೇನೆ. ದಿನಕ್ಕೆ 400 ರೂಪಾಯಿ ಎಂದು ಇಟ್ಟಿದ್ದರೂ ಒಂದು ಭಾನುವಾರ 760 ಖರ್ಚಾಗಿ ಮಾವ ಗಾಬರಿಯಾದರು. ಗೂಗಲ್ ಒಂದು ದಿನ ಎರಡು ಪಟ್ಟಿನವರೆಗೆ ಖರ್ಚು ಮಾಡಬಹುದು, ತಿಂಗಳ ಒಟ್ಟು ಮಾತ್ರ ದಿನದ ಮೊತ್ತದ 30.4 ಪಟ್ಟನ್ನು ಮೀರದು ಎಂದು ವಿವರಿಸಬೇಕಾಯಿತು. ಜಾಹೀರಾತಿನ ಮೇಲಿನ ಶೇ. 18 ಜಿಎಸ್‌ಟಿಯನ್ನು ಅಂಗಡಿ ಹಿಂಪಡೆಯುವುದರಿಂದ ಈ ಲೆಕ್ಕದಲ್ಲಿ ಸೇರಿಸಿಲ್ಲ.

ದುರಸ್ತಿಯೆಲ್ಲ ಮುಗಿದ ಮೇಲಿನ ಮೊದಲ ಪೂರ್ತಿ ತಿಂಗಳಲ್ಲಿ ಬಂದ ಕ್ಲಿಕ್ 1,500, ಖರ್ಚು 11,250 ರೂಪಾಯಿ, ಜಿಸಿಎಲ್‌ಐಡಿಯ ಸಾಕ್ಷಿಯಿರುವ ಹೊಸ ಆರ್ಡರ್ 57. ಕ್ಲಿಕ್ಕಿನ ಬೆಲೆ 6 ರೂಪಾಯಿ 20 ಪೈಸೆಯಿಂದ ಏಳೂವರೆಗೆ ಏರಿತು, ಆದರೆ ಆರ್ಡರ್‌ನ ಬೆಲೆ 474ರಿಂದ 197ಕ್ಕೆ ಇಳಿಯಿತು. ನಮಗೆ ಆರ್ಡರ್‌ನಲ್ಲಿ ಉಳಿಯುವುದು 113 ಆದ್ದರಿಂದ ಮೊದಲ ಆರ್ಡರ್‌ನಲ್ಲಿ ಇನ್ನೂ 84 ರೂಪಾಯಿ ನಷ್ಟವೇ. ಎರಡನೆಯ ಸಲ ಗಿರಾಕಿ ತಾನಾಗಿಯೇ ಬಂದರೆ ಜಾಹೀರಾತಿನ ಖರ್ಚಿಲ್ಲ, 113 ಪೂರ್ತಿ ಉಳಿಯುತ್ತದೆ, ನಷ್ಟ ತುಂಬಿ 29 ರೂಪಾಯಿ ಮೇಲಾಗುತ್ತದೆ. 57 ಜನರಲ್ಲಿ ಇದುವರೆಗೆ ಹಾಗೆ ಬಂದವರು 23. ಒಟ್ಟಾರೆ ಸುಮಾರು 2,200 ರೂಪಾಯಿ ಇನ್ನೂ ಕೈಬಿಟ್ಟಿದೆ.

ದಿನಕ್ಕೆ 20 ಗ್ರಾಂ ಪುಡಿ ಹಾಕುವ ಮನೆಯಲ್ಲಿ 750 ಗ್ರಾಂ ಮುಗಿಯಲು 37 ದಿನ ಬೇಕು. ಒಪ್ಪಿಗೆ ಕೊಟ್ಟ ಗಿರಾಕಿಗಳಿಗೆ ಮೂವತ್ತನೆಯ ದಿನ ಬೆಳಿಗ್ಗೆ, ಹಿಂದಿನ ಸಲ ಕೊಂಡ ಮಿಶ್ರಣದ ಹೆಸರು ಮತ್ತು ಒಂದೇ ಒತ್ತಿಗೆ ಅದನ್ನೇ ಮತ್ತೆ ತರಿಸುವ ಕೊಂಡಿಯಿರುವ ವಾಟ್ಸಾಪ್ ಸಂದೇಶ ಹೋಗುವಂತೆ ಬರೆಯುತ್ತಿದ್ದೇನೆ. ಪಾರ್ಸೆಲ್ ಕಟ್ಟುವ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ‘ಎರಡನೆಯ ಸಲ’ ಎಂಬ ಹೊಸ ಕಲಮನ್ನು ಈಗಾಗಲೇ ಗೆರೆ ಎಳೆದು ಇಟ್ಟುಕೊಂಡಿದ್ದಾನೆ.